ಕೊರಕಲ್ಲೂ ಹರಿಗೋಲೂ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಅದರ ಬೆನ್ನಿಗೇ ನಾವಿಕರ ಇಂಗ್ಲೀಷು ಶಬ್ದವೊಂದರ ವಿಚಾರವನ್ನು ಎತ್ತಿದರೆ ತಮಗೆ ನಗು ಬಂದೀತು. ಈ ಊರುಗಳಿಂದ ಕಡಲಿಗೆ ನೂರು ಮೈಲಿಗೂ ಮಿಕ್ಕ ದೂರ. ಕೂಡ್ಲಿಗಿ ಕೊಟ್ಟೂರುಗಳ ಕಡೆ ಕೆರೆಗೆ ನೀರು ಬಂತೆಂದರೆ ಅದೇ ಒಂದು ಹಬ್ಬ. ಅಲೆಯನ್ನೂ ಲಂಗರನ್ನೂ ಕುರಿತು ಅಲ್ಲಿ ಯಾರೊಡನೆ ಮಾತಾಡುವುದು? ಆದರೆ ಹರಪನಹಳ್ಳಿಯ ಸೀಮೆಯ ಅಂಚನ್ನು ಹಿಡಿದು, ಹಡಗಲಿಯ ಸೀಮೆಯನ್ನು ಬಳಸಿ, ಹಗರಿಬೊಮ್ಮನಹಳ್ಳಿಯ ಮಗ್ಗುಲಲ್ಲಿ ಇಂದು ಹಿನ್ನೀರಾಗಿ ಹರಡಿಕೊಂಡು ನಿಂತಿರುವ ತುಂಗಭದ್ರೆ ಒಬ್ಬಳಿದ್ದಾಳಷ್ಟೆ. ಆಕೆಯ ಮೈಮೇಲೆ ತೇಲುವ ಒಂದು ದುಂಡು ಬುಟ್ಟಿಗೆ ಇಂಗ್ಲೀಷಿನಲ್ಲಿ ‘ಕೊರಕಲ್’ ಎಂಬ ಹೆಸರುಂಟು. ಆ ಹೆಸರು ಎಲ್ಲಿಂದ ಬಂದಿತು, ನಮ್ಮ ಹೊಳೆಯ ಮೇಲಕ್ಕೆ ಹೇಗೆ ಇಳಿಯಿತು, ಅದರಿಂದ ನಮಗಾದ ಲಾಭನಷ್ಟಗಳೇನು ಎಂಬುದೇ ಇಂದಿನ ಮಾತು.

ಈ ವಿಚಾರಕ್ಕೆ ನಾವು ತೊಡಗಿದ್ದು ಪಾಂಡಿತ್ಯದ ಹಂಬಲದಿಂದಲ್ಲ, ಒಂದು ತಪ್ಪಿನಿಂದ. ನಾವು ಇಂಗ್ಲೀಷು ಪಾಠ ಹೇಳಲು ಮೊದಲು ಮಾಡಿದ ಹೊಸದರಲ್ಲಿ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಎಂಬ ಕಥೆಯನ್ನು ತರಗತಿಯಲ್ಲಿ ಓದಿಸುತ್ತಿದ್ದೆವು. 1883ರಲ್ಲಿ ಪುಸ್ತಕವಾಗಿ ಬಂದ ಆ ಕಥೆಯಲ್ಲಿ ಜಿಮ್ ಎಂಬ ಹುಡುಗನು, ದ್ವೀಪದಲ್ಲಿ ಒಂಟಿಯಾಗಿ ಬಿಡಲ್ಪಟ್ಟವನೊಬ್ಬನು ಮೇಕೆಯ ತೊಗಲಿನಿಂದ ಮಾಡಿ ಬಚ್ಚಿಟ್ಟ ಕೊರಕಲ್ಲನ್ನು ಕದ್ದು ರಾತ್ರಿಯಲ್ಲಿ ಕಡಲಿಗಿಳಿಯುತ್ತಾನೆ. ಹುಟ್ಟು ಹಾಕಿದಷ್ಟೂ ಅದು ಗಿರಗಿರನೆ ತಿರುಗುತ್ತದೆಯೇ ಹೊರತು ಹೋಗಬೇಕಾದ ಕಡೆಗೆ ಹೋಗುವುದಿಲ್ಲ. ಹುಡುಗರಿಗೆ ಇದನ್ನು ವಿವರಿಸುತ್ತ ನಾವು, “ಇದು ನಮ್ಮ ಹರಿಗೋಲೇ ಸರಿ. ಹರಿಗೋಲು, ಕೊರಕಲ್—ಶಬ್ದವನ್ನು ಕೇಳಿದರೇ ಗೊತ್ತಾಗುವುದಿಲ್ಲವೆ? ಇಂಗ್ಲೀಷರು ನಮ್ಮ ಹೊಳೆಯಲ್ಲಿ ಇದನ್ನು ಕಂಡು, ನಮ್ಮ ಹೆಸರನ್ನೇ ಹೊರಳದ ನಾಲಗೆಯಿಂದ ಹೇಳಿಕೊಂಡು ಹೋದರು” ಎಂದು ಅಪ್ಪಣೆ ಕೊಡಿಸಿದೆವು. ತರಗತಿಯಲ್ಲಿ ಸಂತೋಷದ ಕಲಕಲವೆದ್ದಿತು. ಹಿಂದಿನ ಬೆಂಚಿನಿಂದ ಹಡಗಲಿಯ ಕಡೆಯ ಹುಡುಗನೊಬ್ಬನು ಎದ್ದುನಿಂತು, “ಸಾರ್, ಅವರು ನಮ್ಮ ಹೊಳೆಗೆ ಬರೋಕ್ಕಿಂತ ಮುಂಚೆ ಅವರ ಹೊಳೆ ದಾಟುತ್ತಿರಲಿಲ್ಲವೆ? ಅದಕ್ಕೆ ಹೆಸರಿರಲಿಲ್ಲವೆ?” ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಗಂಟೆ ಬಾರಿಸಿತು, ಮಾನ ಉಳಿಯಿತು. ಆದರೆ ಆ ಸಂಜೆ ನಿಘಂಟನ್ನು ತೆರೆದು ನೋಡಿದಾಗ ಹುಡುಗನ ಪ್ರಶ್ನೆಯೇ ಪಾಠವೆಂದೂ ನಮ್ಮ ಪಾಠವು ಬರಿಯ ಊಹೆಯೆಂದೂ ತಿಳಿಯಿತು.

ನಿಜಸ್ಥಿತಿ ಹೀಗಿದೆ. ‘ಕೊರಕಲ್’ ಎಂಬುದು ಇಂಗ್ಲೀಷಿನ ಬರಹಗಳಲ್ಲಿ 16ನೆಯ ಶತಮಾನದ ನಡುಗಾಲದಿಂದ ಕಾಣಬರುತ್ತದೆ. ಈಸ್ಟ್ ಇಂಡಿಯ ಕಂಪೆನಿಗೆ ಸನ್ನದು ಸಿಕ್ಕಿದ್ದು 1600ರಲ್ಲಿ. ಬಳ್ಳಾರಿಯ ಸೀಮೆಯನ್ನು ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟದ್ದು 1800ರಲ್ಲಿ. ಆದ್ದರಿಂದ ಇಂಗ್ಲೀಷರು ತುಂಗಭದ್ರೆಯ ನೀರನ್ನು ಮುಟ್ಟುವುದಕ್ಕೆ ಎರಡೂವರೆ ಶತಮಾನಗಳ ಮುಂಚೆಯೇ ಈ ಶಬ್ದವು ಅವರ ಬಾಯಲ್ಲಿದ್ದಿತು. ಅದು ಅವರಿಗೂ ಸ್ವಂತವಲ್ಲ. ನೆರೆಯ ವೇಲ್ಸ್ ಸೀಮೆಯವರು ತಮ್ಮ ನುಡಿಯಲ್ಲಿ ಅದನ್ನು ‘ಕೊರುಗ್ಲ್’ ಎಂಬಂತೆ ಉಚ್ಚರಿಸುತ್ತಾರೆ. ಐರ್ಲೆಂಡಿನವರ ‘ಕುರಖ್’ ಎಂಬುದು ಅದರ ಒಡಹುಟ್ಟು. ಹೀಗೆ ಇಂಗ್ಲೀಷರು ಸಾಲ ತಂದದ್ದು ನಿಜ, ಆದರೆ ನಮ್ಮ ಮನೆಯಿಂದಲ್ಲ, ತಮ್ಮ ಪಕ್ಕದ ಮನೆಯಿಂದ. ಇಲ್ಲಿ ಒಂದು ವಿನೋದವನ್ನೂ ಹೇಳಬೇಕು. ಲ್ಯಾಟಿನ್ ಭಾಷೆಯಲ್ಲಿ ತೊಗಲಿಗೆ ‘ಕೋರಿಯಮ್’ ಎನ್ನುತ್ತಾರೆ. ಅದಕ್ಕೂ ಸಂಸ್ಕೃತದ ‘ಚರ್ಮ’ಕ್ಕೂ ಧಾತು ಒಂದೇ ಎಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಐರಿಷ್ ವೆಲ್ಷ್ ಶಬ್ದಗಳನ್ನು ಈ ಕೋರಿಯಮ್ಮಿನ ಬಳಗಕ್ಕೇ ಸೇರಿಸುವ ವಿದ್ವಾಂಸರುಂಟು. ಅದು ಸರಿಯಾದರೆ ಕೊರಕಲ್ಲಿಗೆ ನಮ್ಮ ಹರಿಗೋಲು ನೆಂಟನಲ್ಲ. ಕಿವಿಗೆ ಕಿಂಚಿತ್ತೂ ಹೋಲಿಕೆ ತೋರದ ‘ಚರ್ಮ’ವೇ ದೂರದ ದಾಯಾದಿ. ಕಿವಿಯನ್ನು ಸಾಕ್ಷಿಗೆ ಕರೆದರೆ ವ್ಯಾಜ್ಯ ಸೋಲುವುದು ಹೀಗೆ.

ಹೆಸರಿಗಿಂತ ವಸ್ತು ಇನ್ನೂ ಹಳೆಯದು. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಗ್ರೀಸಿನ ಹೆರೊಡೋಟಸನು ಬ್ಯಾಬಿಲೋನಿನಲ್ಲಿ ತನಗೆ ಅಚ್ಚರಿಯನ್ನುಂಟುಮಾಡಿದ ವಸ್ತುಗಳಲ್ಲಿ ಅಲ್ಲಿಯ ದುಂಡು ದೋಣಿಗಳಿಗೆ ದೊಡ್ಡ ಸ್ಥಾನವನ್ನು ಕೊಟ್ಟಿದ್ದಾನೆ. ಕಡ್ಡಿಯ ಹಂದರಕ್ಕೆ ತೊಗಲನ್ನು ಹೊದಿಸಿ, ಗುರಾಣಿಯಂತೆ ದುಂಡಗೆ ಮಾಡಿ, ಸರಕಿನ ಸಂಗಡ ಒಂದು ಕತ್ತೆಯನ್ನೂ ಏರಿಸಿಕೊಂಡು ಜನ ಹೊಳೆಯ ಇಳಿತದಲ್ಲಿ ಬರುತ್ತಿದ್ದರಂತೆ. ಸರಕು ಮಾರಿದ ಮೇಲೆ ಹಂದರವನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ನೆಲದ ಹಾದಿಯಿಂದ ಹಿಂತಿರುಗುವರು. ಪ್ರವಾಹದ ಎದುರಿಗೆ ಆ ಬುಟ್ಟಿಯನ್ನು ನಡೆಸುವುದು ಆಗದ ಮಾತು ತಾನೆ! ಕ್ರಿಸ್ತಪೂರ್ವ 49ರಲ್ಲಿ ಜೂಲಿಯಸ್ ಸೀಜರನು ಸ್ಪೇನ್ ದೇಶದಲ್ಲಿ ನೆರೆಯಿಂದ ಸೇತುವೆಗಳು ಕೊಚ್ಚಿಹೋಗಿ ಸಿಕ್ಕಿಬಿದ್ದಾಗ, ಹಿಂದೆ ಬ್ರಿಟನ್ನಿನಲ್ಲಿ ಕಂಡು ಕಲಿತಿದ್ದ ರೀತಿಯಲ್ಲಿ ತೊಗಲಿನ ದೋಣಿಗಳನ್ನು ಕಟ್ಟಿಸಿ, ರಾತ್ರಿಯಲ್ಲಿ ಗಾಡಿಗಳ ಮೇಲೆ ಸಾಗಿಸಿ, ಹೊಳೆಯನ್ನು ದಾಟಿ ಗೆದ್ದನು. 891ರಲ್ಲಿ ಐರ್ಲೆಂಡಿನ ಮೂವರು ಭಕ್ತರು ಎರಡೂವರೆ ತೊಗಲಿನ ದೋಣಿಯೊಂದರಲ್ಲಿ ಹುಟ್ಟುಗಳನ್ನೇ ಇಟ್ಟುಕೊಳ್ಳದೆ ಕುಳಿತು, ಏಳು ರಾತ್ರಿಗಳ ಬಳಿಕ ಇಂಗ್ಲೆಂಡಿನ ಕಾರ್ನ್‌ವಾಲ್ ದಡಕ್ಕೆ ಬಂದು ಬಿದ್ದರೆಂದು ಆ ದೇಶದ ಹಳೆಯ ವೃತ್ತಾಂತವು ಹೇಳುತ್ತದೆ. ದೇವರು ಎಲ್ಲಿಗೆ ಒಯ್ದರೆ ಅಲ್ಲಿಗೆ ಎಂಬುದು ಅವರ ಸಂಕಲ್ಪ. ಭವಸಾಗರಕ್ಕೆ ಅಂಬಿಗನನ್ನು ಮೊರೆಯಿಡುವ ನಮ್ಮ ಜನಕ್ಕೆ ಈ ಕಥೆ ಅಪರಿಚಿತವೆನಿಸಲಾರದು.

ಇನ್ನು ನಮ್ಮ ಹೊಳೆಗೆ ಬರೋಣ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಆನೆಗೊಂದಿಯ ಹಾದಿಯಲ್ಲಿ ಹರಿಗೋಲನ್ನು ಕಂಡು ಬರೆದಿಟ್ಟಿದ್ದಾನೆ. ಮದರಾಸು ಸಿವಿಲ್ ಸರ್ವಿಸಿನ ರಾಬರ್ಟ್ ಸಿವೆಲ್ಲರು 1900ರಲ್ಲಿ ಇಂಗ್ಲೀಷಿಗೆ ತಂದು ಪ್ರಕಟಿಸಿದ ಆ ಬರಹದಲ್ಲಿ ಬುಟ್ಟಿಯಂಥ ದುಂಡು ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದಿಪ್ಪತ್ತು ಜನರನ್ನು ಹೊರುವ ಶಕ್ತಿ ಎಲ್ಲವೂ ಬಂದಿವೆ. ಎತ್ತು ಕುದುರೆಗಳೂ ಬೇಕಾದರೆ ಅದರಲ್ಲಿ ದಾಟಬಹುದು, ಆದರೆ ಸಾಮಾನ್ಯವಾಗಿ ಅವು ಈಜಿಕೊಂಡೇ ಬರುತ್ತವೆ ಎನ್ನುತ್ತಾನೆ. ಅದು ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಲೇ ಇರುವುದನ್ನೂ ಆತ ಗಮನಿಸಿದ್ದಾನೆ. ಕಡಲನ್ನು ಗೆದ್ದ ಜನಾಂಗದ ಮನುಷ್ಯನಿಗೆ ನಮ್ಮ ಸಾಮ್ರಾಜ್ಯದ ಹೊಳೆಗಳಲ್ಲಿ ಹಡಗಿಲ್ಲದೆ ಬುಟ್ಟಿಯೇ ಗತಿಯಾಗಿದ್ದುದು ಸೋಜಿಗವಾಗಿ ಕಂಡಿರಬೇಕು.

ಆದರೆ ಆ ಬುಟ್ಟಿಯು ಬಡತನದ ಗುರುತಲ್ಲ, ವಿವೇಕದ ಗುರುತು. ತುಂಗಭದ್ರೆಯ ಪಾತ್ರವೆಲ್ಲ ಬಂಡೆಗಳು. ಬೇಸಗೆಯಲ್ಲಿ ನೀರು ಮೊಣಕಾಲುದ್ದ. ಮಳೆಗಾಲದಲ್ಲಿ ಮದಿಸಿದ ಆನೆ. ಅಡಿಯಲ್ಲಿ ಏಣುಳ್ಳ ದೋಣಿಯಾದರೆ ಬಂಡೆಗೆ ತಗುಲಿ ಸೀಳುತ್ತದೆ. ಬಿದಿರಿನ ಹೆಣಿಗೆಯ ಹರಿಗೋಲು ಬಂಡೆಗೆ ತಾಕಿದರೆ ಬಾಗುತ್ತದೆ, ಜಾರುತ್ತದೆ, ತಿರುಗಿಕೊಂಡು ಪಾರಾಗುತ್ತದೆ. ಅದು ಎಷ್ಟು ಕಡಮೆ ನೀರಿನಲ್ಲಿ ತೇಲಬಲ್ಲುದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ತಳವು ಚಪ್ಪಟೆಯಾಗಿ 10 ಅಡಿ ಅಡ್ಡಳತೆಯುಳ್ಳ ಹರಿಗೋಲಿದ್ದರೆ ಅದರ ತಳದ ವಿಸ್ತೀರ್ಣ ಸುಮಾರು 78 ಚದರಡಿ. ಅದು ಒಂದು ಅಂಗುಲ ಆಳಕ್ಕೆ ಇಳಿದರೆ ಆರೂವರೆ ಘನ ಅಡಿ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆ ನೀರಿನ ತೂಕ ಸುಮಾರು 400 ಪೌಂಡು. ಎಂದರೆ ಮೂವರು ಹತ್ತಿದರೆ ಒಂದು ಅಂಗುಲ, ಹನ್ನೆರಡು ಮಂದಿ ಹತ್ತಿದರೆ ನಾಲ್ಕು ಅಂಗುಲ, ಅದರ ಮೇಲೆ ಹರಿಗೋಲಿನ ಸ್ವಂತ ಭಾರದ ಇಳಿತ. ಒಂದು ಗೇಣಿಗಿಂತ ಕಡಮೆ ನೀರಿನಲ್ಲಿ ಒಂದು ಮದುವೆಯ ದಿಬ್ಬಣವನ್ನು ದಾಟಿಸಬಲ್ಲ ವಾಹನವನ್ನು ಆರ್ಕಿಮಿಡೀಸನೇ ಬಂದು ಕಟ್ಟಿದ್ದರೂ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಿರಲಿಲ್ಲ.

ಅದನ್ನು ಕಟ್ಟಿದವರು ಯಾರು? ಬಿದಿರನ್ನು ಸೀಳಿ ಹೆಣೆಯುವುದು ಮೇದಾರರ ಕೈಯ ಕಸಬು. ತೊಗಲನ್ನು ಹದಮಾಡಿ ಹೊಲಿಯುವುದು ಚರ್ಮದ ಕೆಲಸದವರ ಕಸಬು. ನೀರಿನ ಮೇಲೆ ನಡೆಸುವುದು ಅಂಬಿಗರ ಕಸಬು. ಈ ಮೂವರನ್ನೂ ಊರು ತನ್ನ ಪಂಕ್ತಿಯ ಕೊನೆಯಲ್ಲಿಟ್ಟಿದ್ದಿತು. ತೊಗಲನ್ನು ಮುಟ್ಟಿದರೆ ಮೈಲಿಗೆಯೆನ್ನುವ ಶಿಷ್ಟರು ಹೊಳೆ ಬಂದಾಗ ಆ ತೊಗಲಿನ ಮೇಲೆಯೇ ಕಾಲೂರಿ ಕುಳಿತು ಆಚೆಯ ದಡದ ದೇವರ ದರ್ಶನಕ್ಕೆ ಹೋದರು. ಮೈಲಾರಲಿಂಗನ ಜಾತ್ರೆಗೂ ಕುರುವತ್ತಿಯ ಬಸವಣ್ಣನ ಸನ್ನಿಧಿಗೂ ಹೊಳೆಯಾಚೆಯಿಂದ ಬಂದ ಭಕ್ತರಿಗೆ ಶತಮಾನಗಳ ಕಾಲ ಹೊಳೆಯೇ ಮೊದಲನೆಯ ಬಾಗಿಲು, ಅಂಬಿಗನೇ ಬಾಗಿಲು ತೆರೆಯುವವನು. ಅದೇ ಹೊಳೆಯ ಆಚೆಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರವು 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತು ನಿಂತಿದೆ. ಹುಟ್ಟು ಹಿಡಿದ ಕೈಯವನು ಮಾತಿನ ಹರಿತದಲ್ಲಿ ಯಾರಿಗೂ ಕಡಮೆಯಾಗಲಿಲ್ಲವೆಂಬುದಕ್ಕೆ ಅವನ ವಚನಗಳೇ ಸಾಕ್ಷಿ. ಆಮೇಲೆ ಬಂದ ಪುರಂದರದಾಸರು ಅಂಬಿಗನನ್ನು ಕರೆಯುವ ಕೀರ್ತನೆಯಲ್ಲಿ ಈ ದೇಹವನ್ನು ಒಂಬತ್ತು ತೂತುಗಳುಳ್ಳ ಹರಿಗೋಲಿಗೆ ಹೋಲಿಸಿದರು. ತೂತು ಬಿದ್ದ ತೊಗಲಿನ ಭಯ ಕೇಳುಗರಿಗೆಲ್ಲ ಗೊತ್ತಿದ್ದುದರಿಂದಲೇ ಆ ಹೋಲಿಕೆ ನೆಟ್ಟಗೆ ಎದೆಗೆ ತಾಕಿತು.

ಈಗ ನಮ್ಮ ಶಬ್ದಗಳ ಕಡೆ ನೋಡೋಣ. ‘ಹರಿಗೋಲು’ ಎಂಬುದನ್ನು ಹರಿ, ಕೋಲು ಎಂದು ಬಿಡಿಸಿ, ಹರಿಯುವ ನೀರಿನಲ್ಲಿ ಕೋಲೂರಿ ನಡೆಸತಕ್ಕದ್ದು ಎಂದು ಅರ್ಥಮಾಡುವುದು ವಾಡಿಕೆ. ತಮಿಳಿನವರು ಇದೇ ವಸ್ತುವನ್ನು ‘ಪರಿಸಲ್’ ಎನ್ನುತ್ತಾರೆ. ಪಾಲು ಹಾಲಾದಂತೆ, ಪೂ ಹೂವಾದಂತೆ ಹಳಗನ್ನಡದ ಆದಿಯ ಪಕಾರವು ಹಕಾರವಾಗುವುದನ್ನು ಬಲ್ಲವರಿಗೆ ಹರಿಗೋಲಿನ ‘ಹರಿ’ಯೂ ಪರಿಸಲಿನ ‘ಪರಿ’ಯೂ ಒಂದೇ ಬುಡದ ಕವಲುಗಳಂತೆ ಕಾಣುವುದು ಸಹಜ. ತೆಲುಗಿನವರು ಇದನ್ನು ‘ಪುಟ್ಟಿ’ ಎಂದು ಬುಟ್ಟಿಯ ಹೆಸರಿನಿಂದಲೇ ಕರೆಯುವುದುಂಟು. ‘ಅಂಬಿ’ ಎಂದರೆ ದೋಣಿ. ಅದನ್ನು ನಡೆಸುವವನು ಅಂಬಿಗ. ‘ದೋಣಿ’ಯು ಸಂಸ್ಕೃತದ ದ್ರೋಣಿಯೊಡನೆ ಸಂಬಂಧವುಳ್ಳದ್ದು, ಕೊರೆದು ತೋಡಿದ ಪಾತ್ರೆಯೆಂಬುದು ಅದರ ಭಾವ. ದನಗಳು ನೀರು ಕುಡಿಯುವ ಕಲ್ಲಿನ ತೊಟ್ಟಿಗೂ ನಮ್ಮ ರೈತರು ದೋಣಿಯೆಂದೇ ಹೇಳುವುದನ್ನು ತಾವು ಕೇಳಿರಬಹುದು. ‘ತೆಪ್ಪ’ವೆಂದರೆ ಮರವನ್ನೋ ಬಿದಿರನ್ನೋ ಜೋಡಿಸಿ ಕಟ್ಟಿದ ತೇಲು. ಹೀಗೆ ಕೊರೆದದ್ದು ದೋಣಿ, ಕಟ್ಟಿದ್ದು ತೆಪ್ಪ, ಹೆಣೆದದ್ದು ಹರಿಗೋಲು. ಮೂರು ಕೈಕೆಲಸಗಳಿಗೆ ಮೂರು ಹೆಸರು. ಹಳಬರು ಒಂದನ್ನು ಇನ್ನೊಂದೆಂದು ಕರೆಯುತ್ತಿರಲಿಲ್ಲ.

ಹಡಗಲಿಯ ಹೆಸರಿಗೂ ಈ ಮಾತು ಸೇರುತ್ತದೆ. ವಿಜಯನಗರದ ಕಾಲದಲ್ಲಿ ವಿರೂಪಾಕ್ಷನ ಪೂಜೆಗೆ ಈ ಊರಿನ ಹೂವು ಹಡಗಿನಲ್ಲಿ ಹೋಗುತ್ತಿದ್ದುದರಿಂದ ಇದು ಹೂವಿನ ಹಡಗಲಿಯಾಯಿತೆಂದು ಅಲ್ಲಿಯ ಜನ ಅಕ್ಕರೆಯಿಂದ ಹೇಳುತ್ತಾರೆ. ಹಡಗಲಿಯ ಮಲ್ಲಿಗೆ ಇಂದಿಗೂ ಹೆಸರುವಾಸಿ. ಭೌಗೋಳಿಕ ಸೂಚಿಯ ಮನ್ನಣೆಯೂ ಅದಕ್ಕೆ ದೊರೆತಿದೆ. ಆದ್ದರಿಂದ ಹೂವಿನ ಮಾತಿಗೆ ನಾವು ತಕರಾರು ಹೇಳುವುದಿಲ್ಲ. ಆದರೆ ಹಡಗಿನ ಮಾತು? ಬಂಡೆಗಳಿಂದ ಕಿಕ್ಕಿರಿದ ಆ ಪಾತ್ರದಲ್ಲಿ ಹಡಗು ಹತ್ತು ಮೈಲಿಯಾದರೂ ಸಾಗಿದ್ದೀತೆ? ಊರಿನಲ್ಲಿ ಕಲ್ಯಾಣದ ಚಾಳುಕ್ಯರ ಕಾಲದ ಗುಡಿಗಳಿವೆ; ವಿಜಯನಗರವು ಹುಟ್ಟಿದ್ದು 1336ರ ಸುಮಾರಿಗೆ. ನಗರಕ್ಕಿಂತ ಹಳೆಯ ಊರಿಗೆ ನಗರದ ಪೂಜೆಯಿಂದ ಹೆಸರು ಬಂದಿತೆಂದರೆ ಮಗನ ಮದುವೆಯಲ್ಲಿ ತಂದೆಗೆ ನಾಮಕರಣ ಮಾಡಿದ ಹಾಗಾಯಿತು. ಹೂವು ಹೊಳೆಯ ಮೇಲೆ ಹೋದದ್ದು ನಿಜವಾದರೆ ಅದು ಹೋದದ್ದು ಹರಿಗೋಲಿನಲ್ಲಿ. ಕಥೆಗೆ ಹಡಗು ಬೇಕಾಯಿತು, ಏಕೆಂದರೆ ದೇವರ ಹೂವನ್ನು ಬುಟ್ಟಿಯಲ್ಲಿ ಕಳಿಸಿದೆವೆನ್ನಲು ನಮಗೆ ಸಂಕೋಚ. ಹೂವಿಗೆ ಬುಟ್ಟಿಗಿಂತ ಒಪ್ಪುವ ವಾಹನ ಯಾವುದಿದೆ, ಹೇಳಿ?

ಇಂಗ್ಲೀಷರ ವಿಚಾರಕ್ಕೆ ಮರಳೋಣ. ಅವರು ನಮ್ಮ ಜಲವಾಹನಗಳ ಹೆಸರುಗಳನ್ನು ಎರವಲು ತೆಗೆದುಕೊಳ್ಳುವುದಕ್ಕೆ ಹಿಂಜರಿದವರಲ್ಲ. ತಮಿಳಿನ ಕಟ್ಟುಮರವು ‘ಕಟಮರಾನ್’ ಆಯಿತು; 1697ರಲ್ಲಿ ಅಚ್ಚಾದ ಡ್ಯಾಂಪಿಯರನ ಪ್ರವಾಸಗ್ರಂಥದಲ್ಲಿಯೇ ಅದು ಬಂದಿದೆ. ಕಟ್ಟಿದ ಮರದ ತುಂಡುಗಳಿಗೆ ಸಲ್ಲುತ್ತಿದ್ದ ಆ ಹೆಸರು ಇಂದು ಜೋಡಿ ಒಡಲಿನ ಸೊಗಸಾದ ಹಾಯಿದೋಣಿಗಳಿಗೆ ಸಂದಿದೆ. ಬಂಗಾಳದ ಡಿಂಗಿಯು ‘ಡಿಂಗಿ’ಯಾಗಿಯೇ ಅವರ ಯುದ್ಧದ ಹಡಗುಗಳ ಪಕ್ಕದಲ್ಲಿ ತೂಗುಬಿದ್ದಿತು. ನಮ್ಮ ದೋಣಿಯು ‘ದೋನಿ’ಯಾಗಿ 1886ರ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ಶಬ್ದಕೋಶವನ್ನು ಸೇರಿತು. ಇಷ್ಟೆಲ್ಲ ತೆಗೆದುಕೊಂಡವರು ಹರಿಗೋಲನ್ನೇಕೆ ಬಿಟ್ಟರು? 1800ರಲ್ಲಿ ದೋಂಡಿಯಾ ವಾಘನನ್ನು ಬೆನ್ನಟ್ಟಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ ಆರ್ಥರ್ ವೆಲ್ಲೆಸ್ಲಿಯು, ಮುಂದೆ 1803ರ ಮರಾಠಾ ಯುದ್ಧದ ಕಾಲದಲ್ಲಿ ಹೊಳೆಗಳನ್ನು ದಾಟಲು ಇಂಥ ವಾಹನಗಳನ್ನು ಮಾಡಿಸಿದನು. ಅವನ ಕಾಗದಗಳಲ್ಲಿ ಅವುಗಳ ಹೆಸರು ಬರಿಯ ‘ಬ್ಯಾಸ್ಕೆಟ್ ಬೋಟ್’—ಬುಟ್ಟಿದೋಣಿ. ಆಮೇಲಿನ ದೊರೆಗಳು ಊರಿನಲ್ಲಿ ಕಂಡ ಕೊರಕಲ್ಲನ್ನೇ ಇಲ್ಲಿ ಕಂಡೆವೆಂದುಕೊಂಡು ಆ ಹೆಸರನ್ನೇ ಇಟ್ಟರು. ಮದರಾಸಿನ ಮೀನುಗಾರಿಕೆ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಜೇಮ್ಸ್ ಹಾರ್ನೆಲ್ಲರು ನಮ್ಮ ದಕ್ಷಿಣದ ಹೊಳೆಗಳ ಹರಿಗೋಲುಗಳನ್ನೂ ಬ್ರಿಟನ್ನಿನ ಕೊರಕಲ್ಲುಗಳನ್ನೂ ಅಳೆದು ನೋಡಿ 1930ರ ದಶಕದಲ್ಲಿ ಲೇಖನಗಳನ್ನು ಬರೆದರು. ಅವರ ಕೈಯಲ್ಲಿಯೂ ಇದು ಕೊರಕಲ್ಲೇ ಆಯಿತು. ಕಾರಣ ಸ್ಪಷ್ಟವಾಗಿದೆ. ಭಾಷೆಯು ಸಾಲಕ್ಕೆ ಹೋಗುವುದು ಮನೆಯಲ್ಲಿ ಇಲ್ಲದ ಪದಾರ್ಥಕ್ಕೆ. ಕಟ್ಟುಮರ ಅವರಲ್ಲಿರಲಿಲ್ಲ, ಹೆಸರನ್ನು ತೆಗೆದುಕೊಂಡರು. ತೊಗಲಿನ ಬುಟ್ಟಿ ಅವರಲ್ಲಿದ್ದಿತು, ಹೆಸರನ್ನು ತೆಗೆದುಕೊಳ್ಳಲಿಲ್ಲ. ನಮ್ಮನ್ನು ಅವಮಾನಪಡಿಸಿದರೆಂದು ದೂರಲು ಇಲ್ಲಿ ಎಡೆಯಿಲ್ಲ.

ಈ ನ್ಯಾಯವನ್ನು ನಮಗೇ ಅನ್ವಯಿಸಿಕೊಂಡರೆ ಮಾತ್ರ ತಲೆ ತಗ್ಗಿಸಬೇಕಾಗುತ್ತದೆ. ನಾವು ಸಾಲಕ್ಕೆ ಹೆದರುವವರಲ್ಲ, ಹೆದರಬೇಕಾಗಿಯೂ ಇಲ್ಲ. ಬಂದರು, ಲಂಗರುಗಳು ಪಾರಸೀಕದವು. ರೈಲು, ಬಸ್ಸುಗಳು ಇಂಗ್ಲೀಷಿನವು. ಅವು ಬಂದಾಗ ವಸ್ತುವೂ ಹೊಸದು, ಹೆಸರೂ ಹೊಸದು. ಆದರೆ ಹರಿಗೋಲು ನಮ್ಮಲ್ಲಿ ಹೊಸದೆ? ಇಂದು ಪ್ರವಾಸಿಗಳು ನೆರೆಯುವ ಹೊಳೆದಂಡೆಗಳಲ್ಲಿ ಕನ್ನಡದ ಅಕ್ಷರಗಳಲ್ಲಿಯೇ ‘ಕೊರಕಲ್ ಸವಾರಿ’ ಎಂದು ಹಲಗೆಗಳನ್ನು ತೂಗಹಾಕಿದ್ದಾರೆ. ಕೂಡ್ಲಿಗಿಯ ಕಡೆಯ ರೈತನೊಬ್ಬನು ಅದನ್ನು ಓದಿದರೆ ಏನೆಂದು ತಿಳಿದಾನು? ಅವನ ಕನ್ನಡದಲ್ಲಿ ಕೊರಕಲು ಎಂದರೆ ಮಳೆಯ ನೀರು ಹೊಲವನ್ನು ಕೊರೆದುಹಾಕಿದ ಹಳ್ಳ. ಕೊರಕಲಿನಲ್ಲಿ ಸವಾರಿಯೆಂದರೆ ಗಾಡಿಯ ಅಚ್ಚು ಮುರಿಯುವುದೆಂದೇ ಅವನ ಅನುಭವ! ಪತ್ರಿಕೆಗಳವರು ಇಂಗ್ಲೀಷನ್ನು ಬಿಟ್ಟು ಕನ್ನಡದಲ್ಲಿ ಬರೆದಾಗಲೂ ಹರಿಗೋಲನ್ನು ತೆಪ್ಪವೆನ್ನುತ್ತಾರೆ, ಇಲ್ಲವೆ ದೋಣಿಯೆನ್ನುತ್ತಾರೆ.

“ಹೆಸರು ಯಾವುದಾದರೇನು, ಹೊಳೆ ದಾಟಿದರೆ ಸಾಲದೆ?” ಎಂದು ಕೇಳುವವರಿರಬಹುದು. ನಾವೂ ಹಾಗೆಯೇ ಎಣಿಸಿದ್ದೆವು. ಕೆಲವು ವರ್ಷಗಳ ಹಿಂದೆ ಹಡಗಲಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ ನಿಂತು, ಬಲೆಯನ್ನು ಬಿಡಿಸುತ್ತಿದ್ದ ಮುದುಕರೊಬ್ಬರನ್ನು, “ಯಜಮಾನರೆ, ಈ ದೋಣಿಯಲ್ಲಿ ಎಷ್ಟು ಜನ ಕೂರಬಹುದು?” ಎಂದು ಕೇಳಿದೆವು. ಅವರು ಬಲೆಯಿಂದ ಕಣ್ಣೆತ್ತದೆ, “ಇದು ದೋಣಿ ಅಲ್ರೀ ಮೇಷ್ಟ್ರ, ಹರಿಗೋಲು. ದೋಣಿಗೆ ಮೂತಿ ಐತಿ, ಬಾಲ ಐತಿ; ಇದಕ್ಕ ಎರಡೂ ಇಲ್ಲ. ದೋಣಿಯೊಳಗ ಎಷ್ಟು ಮಂದಿ ಅಂತ ಕೇಳಬೇಕು, ಹರಿಗೋಲಿನೊಳಗ ಎಲ್ಲೆಲ್ಲಿ ಕುಂತಾರ ಅಂತ ಕೇಳಬೇಕು” ಎಂದರು. ಆ ಮಾತನ್ನು ಬಿಡಿಸಿ ಹೇಳುವಂತೆ ಕೇಳಿಕೊಂಡಾಗ ಅವರು ಹೇಳಿದ್ದರ ಸಾರಾಂಶವಿದು: ತೂಕವು ಸುತ್ತಲೂ ಸಮನಾಗಿದ್ದರೆ ಹರಿಗೋಲು ಹೊತ್ತೀತು. ನಾಲ್ವರು ಒಮ್ಮೆಗೇ ಎದ್ದು ಒಂದೇ ಅಂಚಿಗೆ ಬಂದರೆ, ಇರುವವರು ಐವರೇ ಆಗಿದ್ದರೂ, ಅಂಚು ನೀರಿಗೆ ಮುಟ್ಟುತ್ತದೆ, ಅದು ಮಗುಚುತ್ತದೆ. ಅದಕ್ಕೇ ಹಿಂದಿನವರು ಹೆಂಗಸರು ಮಕ್ಕಳನ್ನು ನಡುವೆ ಕೂರಿಸಿ, ಗಂಡಸರನ್ನು ಸುತ್ತ ಕೂರಿಸಿ, “ದಡ ಮುಟ್ಟೂತನಕ ಏಳಬ್ಯಾಡ್ರಿ” ಎಂದು ಹೇಳಿಯೇ ಗಳವನ್ನು ಊರುತ್ತಿದ್ದರು.

ಇಲ್ಲಿ ಶಬ್ದದ ವಿಚಾರವು ಪ್ರಾಣದ ವಿಚಾರವಾಗುತ್ತದೆ. ಅನಾಹುತವಾದ ಮರುದಿನ ‘ದೋಣಿ ಮುಳುಗಿತು’ ಎಂದು ಬರೆದರೆ ಓದಿದವರು ತೂತನ್ನೂ ಹೆಚ್ಚಿದ ಭಾರವನ್ನೂ ಹುಡುಕುತ್ತಾರೆ. ‘ಹರಿಗೋಲು ಮಗುಚಿತು’ ಎಂದು ಬರೆದರೆ ಯಾರು ಎದ್ದರು, ಏಕೆ ಎದ್ದರು, ಕೂತಿರಬೇಕೆಂದು ಯಾರಾದರೂ ಹೇಳಿದ್ದರೆ ಎಂಬ ಪ್ರಶ್ನೆ ಹುಟ್ಟುತ್ತದೆ. ತಪ್ಪು ಹೆಸರು ತಪ್ಪು ಕಾರಣವನ್ನು ತೋರಿಸುತ್ತದೆ. ತಪ್ಪು ಕಾರಣವು ತಪ್ಪು ಕಟ್ಟಳೆಯನ್ನು ಹುಟ್ಟಿಸುತ್ತದೆ. ಹರಿಗೋಲು ಎಂಬ ಮಾತಿನ ಜೊತೆಯಲ್ಲಿ ‘ಕೂತಿರಿ’ ಎಂಬ ಬುದ್ಧಿವಾದವೂ ಪರಂಪರೆಯಾಗಿ ಬಂದಿದ್ದಿತು. ಕೊರಕಲ್ ಸವಾರಿಯ ಜೊತೆಯಲ್ಲಿ ಬಂದಿರುವುದು ನಡುನೀರಿನಲ್ಲಿ ಬೇಕೆಂದೇ ಗಿರಗಿರನೆ ತಿರುಗಿಸುವ ವಿನೋದ. ಯಾವುದನ್ನು ತಡೆಯುವುದಕ್ಕೆ ಅಂಬಿಗನು ಜನ್ಮವೆಲ್ಲ ಕಲಿತನೋ ಅದನ್ನೇ ಮಾಡಿ ತೋರಿಸಿದರೆ ಅವನಿಗೆ ಇಂದು ನಾಲ್ಕು ಕಾಸು.

ಅವನನ್ನು ಈ ಸ್ಥಿತಿಗೆ ತಂದವರು ಯಾರೆಂದು ಕೇಳಿದರೆ ಯಾರೊಬ್ಬರ ಕಡೆಗೂ ಬೆರಳು ತೋರಲಾಗದು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಈ ಸೀಮೆಯು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. 2021ರಿಂದ ಐದು ಊರುಗಳೂ ವಿಜಯನಗರ ಜಿಲ್ಲೆಯಲ್ಲಿವೆ. ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆಯಂಥ ದೊಡ್ಡ ಊರೂ ಮುಳುಗಿತು. ದೂರದ ಹೊಲಗಳಿಗೆ ನೀರು ಬಂದಿತು, ಆದರೆ ಎಷ್ಟೋ ಕಡವುಗಳು ನೀರಿನಡಿ ಸೇರಿದವು. ಹರಿಗೋಲು ಪ್ರಯಾಣಿಕರನ್ನು ಕಳೆದುಕೊಂಡು ಆ ವಿಶಾಲವಾದ ಹಿನ್ನೀರಿನಲ್ಲಿ ಮೀನುಗಾರನ ಸಂಗಾತಿಯಾಗಿ ಉಳಿಯಿತು. ಸೇತುವೆಗಳು ಬಂದವು, ಬರಬೇಕಾದವುಗಳೇ. ಹೊಳೆ ತುಂಬಿದ ರಾತ್ರಿ ಹೆರಿಗೆಯ ನೋವು ತಿನ್ನುವ ಹೆಂಗಸನ್ನು ಆಚೆಗೆ ಕರೆದೊಯ್ಯಬೇಕಾದವರು ಹರಿಗೋಲಿನ ಸೊಬಗನ್ನು ವರ್ಣಿಸುತ್ತ ಕೂರಲಾರರು. ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆಯು ಹಂಪೆಯ ಪುರಾತನ ನೆಲೆಯ ನೋಟಕ್ಕೆ ಅಡ್ಡಿಯೆಂಬ ವಿವಾದಕ್ಕೆ ಸಿಕ್ಕಿ, ಕೊನೆಗೆ 2009ರ ಜನವರಿಯಲ್ಲಿ, ಬಳಕೆಗೆ ಬರುವ ಮುನ್ನವೇ ಕುಸಿದು ಕೆಲಸಗಾರರು ಪ್ರಾಣ ಬಿಟ್ಟರು. ಪಾಯಸನು ಕಂಡ ಅದೇ ಸ್ಥಳದಲ್ಲಿ ಹರಿಗೋಲು ಮತ್ತೆ ಜನರನ್ನು ದಾಟಿಸುತ್ತ ನಿಂತಿತು. ತೊಗಲು ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹೊದಿಕೆ ಬಂದಿತು. ಈಗೀಗ ಬಿದಿರೂ ಹೋಗಿ ಫೈಬರಿನ ಅಚ್ಚು ಬರುತ್ತಿದೆ. ಮೇದಾರನ ಕೈಯೂ ಚರ್ಮಗಾರನ ಕೈಯೂ ಬಿಟ್ಟುಹೋದ ಮೇಲೆ ಉಳಿದದ್ದು ದುಂಡಗಿನ ಆಕಾರ, ಅಂಬಿಗನ ತೋಳು, ಒಂದು ಹೆಸರು. ಆ ಹೆಸರನ್ನಾದರೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ವೇಲ್ಸಿನವರು ಏನು ಮಾಡಿದರೆಂಬುದನ್ನು ಕೇಳಿದರೆ ನಮಗೆ ಬುದ್ಧಿ ಬಂದೀತು. ಅಲ್ಲಿಯ ಟೈವಿ, ಟೋವಿ ಹೊಳೆಗಳಲ್ಲಿ ಮೀನುಗಾರರು ತಮ್ಮ ಒಬ್ಬಾಳಿನ ಕೊರಕಲ್ಲನ್ನು ಬೆನ್ನಿಗೆ ಹಾಕಿಕೊಂಡು, ಆಮೆ ನಡೆದಂತೆ ದಡದ ಮೇಲೆ ನಡೆಯುವರು. ಗಂಡಸಿನ ಹೊರೆ ಅವನ ಕೊರಕಲ್ ಎಂಬುದು ಅವರ ಹಳೆಯ ಗಾದೆ. ಒಬ್ಬನು ಹೊರಬಲ್ಲಷ್ಟೇ ಅದರ ತೂಕ ಎಂಬುದು ಅದರ ಅರ್ಥ. ಇಂಗ್ಲೀಷೆಂಬ ಪ್ರಬಲ ಭಾಷೆ ಪಕ್ಕದಲ್ಲಿಯೇ ಇದ್ದರೂ ಅವರು ತಮ್ಮ ಹೆಸರನ್ನು ಬಿಟ್ಟು ‘ಬ್ಯಾಸ್ಕೆಟ್ ಬೋಟ್’ ಎನ್ನಲಿಲ್ಲ. ಕೊನೆಗೆ ಪ್ರಬಲವಾದ ಭಾಷೆಯೇ ಅವರ ಹೆಸರನ್ನು ಕಲಿತುಕೊಂಡಿತು. ಲೋಕವೆಲ್ಲ ಇಂದು ಕೊರಕಲ್ ಎನ್ನುತ್ತಿರುವುದು ಇಂಗ್ಲೀಷರ ದರ್ಪದಿಂದಲ್ಲ, ಸಣ್ಣದೊಂದು ನಾಡಿನ ಮೀನುಗಾರರ ಹಟದಿಂದ. ಅವರಿಂದ ನಾವು ಸಾಲ ತರಬೇಕಾದದ್ದು ಆ ಹೆಸರನ್ನಲ್ಲ, ಆ ಹಟವನ್ನು.

ಅಂದು ತರಗತಿಯಲ್ಲಿ ನಾವು ಮಾಡಿದ್ದು ಎರಡು ತಪ್ಪು. ಕೊರಕಲ್ಲು ಹರಿಗೋಲಿನ ಮಗುವೆಂದದ್ದು ಒಂದು. ಹಾಗೆಂದರೆ ಹರಿಗೋಲಿಗೆ ಗೌರವ ಬಂದೀತೆಂದು ಭಾವಿಸಿದ್ದು ಇನ್ನೊಂದು. ನಿಘಂಟಿನ ಸಹಾಯದಿಂದ ಮೊದಲನೆಯದನ್ನು ಒಂದೇ ಸಂಜೆಯಲ್ಲಿ ತಿದ್ದಿಕೊಂಡೆವು. ಎರಡನೆಯದನ್ನು ತಿದ್ದಿದವರು ಹೊಳೆದಂಡೆಯ ಆ ಯಜಮಾನರು. ಹರಿಗೋಲಿಗೆ ಇಂಗ್ಲೀಷಿನ ನೆಂಟಸ್ತಿಕೆಯಿಂದ ಬರಬೇಕಾದ ಹಿರಿಮೆ ಯಾವುದೂ ಇರಲಿಲ್ಲ. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂದು ನಮ್ಮಲ್ಲಿ ಗಾದೆಯುಂಟು. ಸೇತುವೆಯ ಮೇಲೆ ಬಸ್ಸಿನಲ್ಲಿ ಕುಳಿತು ದಾಟುವವರೆಲ್ಲ ಆ ಗಾದೆಯ ಮಕ್ಕಳೇ. ಹಂಗು ಬೇಡವಾದರೆ ಬೇಡ, ಮುಂದಿನ ಸಾರಿ ಕಿಟಕಿಯಿಂದ ಕೆಳಗೆ ನೋಡುವಾಗ ನೀರಿನ ಮೇಲೆ ದುಂಡಗಿನದೊಂದು ಕಂಡು ಮಗು, “ಅದೇನು?” ಎಂದು ಕೇಳಿದರೆ, ಅದರ ಹೆಸರನ್ನಾದರೂ ಸರಿಯಾಗಿ ಹೇಳೋಣ.